ಕೆಕ್ಸೆಕ್‌ನಲ್ಲಿ ಟಿಪಿಎಂ ಲಾಗ್ ಉಳಿಸಿಕೊಂಡಿದ್ದು: ನನ್ನ ಅನುಭವ

ಎಸ್‌ಪಿ ರೋಡಿನಲ್ಲಿ ಸುಮಾರು 45 ಸಾವಿರ ಕೊಟ್ಟು ತಂದ ಹಳೆಯ ಎರಡು ಸಾಕೆಟ್ ಸರ್ವರ್. ಆನ್ ಮಾಡಿದರೆ ಲಿನಕ್ಸ್ ಕಾಣಿಸೋಕೆ ಐದಾರು ನಿಮಿಷ. ಕೆಕ್ಸೆಕ್ (ಮದರ್‌ಬೋರ್ಡಿನ ಫರ್ಮ್‌ವೇರ್ ಹಂತ ಬಿಟ್ಟು, ಓಡ್ತಿರೋ ಲಿನಕ್ಸ್ ಕರ್ನಲ್‌ನಿಂದ ನೇರವಾಗಿ ಹೊಸ ಕರ್ನಲ್‌ಗೆ ಹಾರೋದು) ಹಾಕಿದರೆ ಅರ್ಧ ನಿಮಿಷ. ಎಲ್ಲ ಮಷಿನ್‌ಗೂ ಇದನ್ನೇ ಮಾಡೋಣ ಅಂದೆ. "ಫರ್ಮ್‌ವೇರ್ ಟೇಬಲ್ ಕೈಕೊಡುತ್ತೆ ಕಣಪ್ಪ, ಸುಮ್ನೆ ರೀಬೂಟ್ ಹೊಡಿ" ಅಂದರು ನಮ್ಮ ಸೀನಿಯರ್.

ಮೂರು ತಿಂಗಳು ಅವರ ಮಾತೇ ನಿಜವಾಗಿತ್ತು. ಮೊದಲು ನೋಇಎಫ್‌ಐ (ಇಎಫ್‌ಐ ಫರ್ಮ್‌ವೇರ್ ಸೇವೆ ಬಳಸಬೇಡ ಅನ್ನೋ ಕರ್ನಲ್ ಆಯ್ಕೆ) ಹಾಕಿ ನೋಡಿದೆ. ಹೊಸ ಕರ್ನಲ್‌ಗೆ ಎಸಿಪಿಐ ಟೇಬಲ್ (ಫರ್ಮ್‌ವೇರ್ ಕೊಡೋ ಹಾರ್ಡ್‌ವೇರ್ ವಿವರ) ಸಿಗದೆ 32 ಕೋರ್ ಇದ್ದದ್ದು ಒಂದಕ್ಕೆ ಇಳಿಯಿತು. ಆ ಟೇಬಲ್‌ಗಳಿಗೆ ದಾರಿ ತೋರಿಸೋ ಆರ್‌ಎಸ್‌ಡಿಪಿಯ ವಿಳಾಸವನ್ನು ಕಮಾಂಡ್ ಲೈನಿನಲ್ಲಿ ಕೊಟ್ಟಮೇಲೆ ಕೋರ್‌ಗಳು ಬಂದವು, ಆದರೆ ಫರ್ಮ್‌ವೇರ್ ಸೆಟ್ಟಿಂಗ್ ಇರೋ ಇಎಫ್‌ಐ ವೇರಿಯಬಲ್ ಹೋದವು, ಬೂಟ್ ಆರ್ಡರ್ ಬದಲಿಸೋ ಹಾಗಿಲ್ಲ. ಅದನ್ನು ಬಿಟ್ಟೆ. ಫರ್ಮ್‌ವೇರ್ ಸೇವೆಗಳು ಯಾವ ವಿಳಾಸದಲ್ಲಿ ಕಾಣಬೇಕು ಅನ್ನೋ ವರ್ಚುವಲ್ ಅಡ್ರೆಸ್ ಮ್ಯಾಪನ್ನು ಫರ್ಮ್‌ವೇರ್‌ಗೆ ಒಂದೇ ಸಲ ಹೇಳಬಹುದು, ಹಾಗಾಗಿ ಹಳೇ ಕರ್ನಲ್ಲಿನ ರನ್‌ಟೈಮ್ ಮ್ಯಾಪನ್ನೇ ಹೊಸದಕ್ಕೆ ದಾಟಿಸಿದೆ.

ಆಮೇಲೆ ಶುರುವಾಯಿತು ನಿಜವಾದ ಕಾಟ. ನಾಲ್ಕು ಸಲ ಸರಿಯಾಗಿ ಏಳೋದು, ಐದನೇ ಸಲ ಪರದೆ ಕಪ್ಪು. ರ‍್ಯಾಮ್ ಮೇಲೆ ಅನುಮಾನ ಬಂದು ಎಂಟೊಂಬತ್ತು ಸಾವಿರ ದಂಡ ಕಟ್ಟಿದೆ. ಕೊನೆಗೆ 300 ರೂಪಾಯಿಯ ಸೀರಿಯಲ್ ಕೇಬಲ್ ಸತ್ಯ ಹೇಳಿತು: ಕೆಲವು ಕೆಬಿ ಇರಬೇಕಾದ ಟಿಪಿಎಂ (ಭದ್ರತಾ ಚಿಪ್) ಈವೆಂಟ್ ಲಾಗ್, ಅಂದರೆ ಬೂಟ್ ಹಂತಗಳ ದಾಖಲೆ, ಗಿಗಾಬೈಟ್ ಲೆಕ್ಕದಲ್ಲಿ ಕಾಣ್ತಿತ್ತು. ಟಿಪಿಎಂ ಮಾಡ್ಯೂಲ್ ಕಿತ್ತಿಟ್ಟೆ, ಇಪ್ಪತ್ತು ಸಲ ಹೊಡೆದರೂ ಬೀಳಲಿಲ್ಲ. ಡಿಸ್ಕ್ ಕೀ ಅದರಲ್ಲೇ ಇರೋದರಿಂದ ಕಿತ್ತೇ ಇಡೋ ಹಾಗಿಲ್ಲ.

ಲಾಗ್ ಕೂತಿದ್ದು ಮೆಮೊರಿಯ ಲೋಡರ್ ಡೇಟಾ (ಬೂಟ್ ಮಾಡೋ ಕೋಡ್ ಬಳಸೋ) ಜಾಗದಲ್ಲಿ. ಇ820 ಅನ್ನೋ ಮೆಮೊರಿ ಪಟ್ಟಿಯಲ್ಲಿ ಅದು ಟೈಪ್ 1, ಬರೀ ರ‍್ಯಾಮ್. ಮೊದಲ ಕರ್ನಲ್ ಅದನ್ನು ಮೆಮ್‌ಬ್ಲಾಕ್ ಅನ್ನೋ ತನ್ನ ಮೆಮೊರಿ ಲೆಕ್ಕದಲ್ಲಿ ಕಾಯ್ದಿರಿಸುತ್ತೆ, ಆದರೆ ಆ ಕಾಯ್ದಿರಿಸಿದ ಲೆಕ್ಕ ಕೆಕ್ಸೆಕ್ ದಾಟಲ್ಲ. ಹೊಸ ಕರ್ನಲ್ಲಿನ ತುಂಡು ಅದರ ಮೇಲೇ ಬಂದು ಕೂತರೆ ಕಥೆ ಮುಗೀತು. ಇಎಫ್‌ಐ ಸ್ಟಬ್‌ನಲ್ಲಿ (ಕರ್ನಲ್ಲಿನ ಮೊದಲು ಓಡೋ ಭಾಗ) ಆ ಜಾಗವನ್ನು ಎಸಿಪಿಐ ರಿಕ್ಲೇಮ್, ಅಂದರೆ ಕೆಕ್ಸೆಕ್ ಏನನ್ನೂ ಇಡದ ಟೈಪ್ 3 ಮಾಡುವ ಒಂದು ಸಾಲಿನ ಬದಲಾವಣೆಯನ್ನು ನಮ್ಮ ಹಳೇ ಕರ್ನಲ್‌ಗೆ ತಂದೆ. ಒಂದೇ ಸಾಲು! ಅದಕ್ಕೆ ಮೂರು ತಿಂಗಳು.

ಮಧ್ಯೆ ಒಂದು ಆರ್ಮ್ ಬೋರ್ಡಿನಲ್ಲೂ ಆಡಿದೆ. ಅಲ್ಲಿ ಇಂಟರಪ್ಟ್ ಕಂಟ್ರೋಲರ್‌ನ ಟೇಬಲ್‌ಗಳನ್ನು ಒಮ್ಮೆ ಚಾಲೂ ಮಾಡಿದ ಮೇಲೆ ಸರಿಸೋಕಾಗಲ್ಲ, ಅದಕ್ಕೇ ಲಿನಕ್ಸ್ ತನ್ನದೇ ಒಂದು ರಿಸರ್ವ್ ಟೇಬಲ್ ಅನ್ನು ಮುಂದಿನ ಕರ್ನಲ್‌ಗೆ ಕೊಟ್ಟು ಹೋಗುತ್ತೆ. ಬಹಳ ಚೆನ್ನಾಗಿ ಯೋಚಿಸಿ ಮಾಡಿದ್ದಾರೆ.

ಈಗ 11 ಮಷಿನ್, ಒಂದೊಂದರಲ್ಲೂ ನಲವತ್ತಕ್ಕೂ ಹೆಚ್ಚು ಸಲ ಸತತವಾಗಿ ಕೆಕ್ಸೆಕ್, ಒಂದೂ ಬಿದ್ದಿಲ್ಲ. ಪ್ರತಿ ಸಲ ಹಿಂದಿನ, ಮುಂದಿನ ಮೆಮ್‌ಮ್ಯಾಪ್ (ಮೆಮೊರಿ ಪಟ್ಟಿ) ಹೋಲಿಸುವ ಸ್ಕ್ರಿಪ್ಟ್ ನನ್ನದೇ. ಕೆಕ್ಸೆಕ್‌ಗೆ ಮುಂಚೆ ಯಾವ ಡ್ರೈವರ್ ಅನ್ನು ಮೊದಲು ಇಳಿಸಬೇಕು ಅನ್ನೋ ಕ್ರಮ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.