ಕಲಬುರಗಿ ಬಿಸಿಲಲ್ಲಿ ಲೈಪೊ ಚಾರ್ಜಿಂಗ್: ನನ್ನ ಅನುಭವ

ಮಾಡೆಲ್ ವಿಮಾನಕ್ಕೆ ಹಾಕುವ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್ ಅಂದ್ರೆ ಒಂದು ಸೀಸನ್, ಹೆಚ್ಚಂದ್ರೆ ಎರಡು. ಆಮೇಲೆ ಊದಿಕೊಳ್ಳಲೇಬೇಕು. ಪ್ಲೇನ್ ಹಾರಿಸುವ ನಮ್ಮ ಗೆಳೆಯರ ಗುಂಪಿನ ನಂಬಿಕೆ ಇದು. ನನ್ನ 3ಎಸ್ 2200 (ಮೂರು ಸೆಲ್, 2200 ಎಂಎಎಚ್) ಪ್ಯಾಕ್‌ಗಳಿಗೆ ಈಗ ನಾಲ್ಕನೇ ಬೇಸಿಗೆ. ಒಂದೂ ಊದಿಲ್ಲ. ಐಆರ್, ಅಂದ್ರೆ ಸೆಲ್ ಹಳತಾದಂತೆ ಏರುವ ಒಳಗಿನ ರೆಸಿಸ್ಟೆನ್ಸ್, ಹೊಸದರಲ್ಲಿ ಸೆಲ್‌ಗೆ 6-7 ಮಿಲಿಓಮ್ ಇತ್ತು, ಈಗ 11ರ ಆಸುಪಾಸು. ಮೊದಲು ಮಳೆಗಾಲ ಬರುವಷ್ಟರಲ್ಲಿ ಎರಡಾದರೂ ಕೈಕೊಡುತ್ತಿದ್ದವು. ಒಂದಕ್ಕೆ 1,800 ರೂಪಾಯಿಯಂತೆ ಲೆಕ್ಕ ಹಾಕಿ.

ನಮ್ಮೂರಲ್ಲಿ ಪ್ಯಾಕ್ ಸಾಯುವುದು ಹಾರಿಸಿ ಅಲ್ಲ, 42 ಡಿಗ್ರಿಯಲ್ಲಿ ಫುಲ್ ಚಾರ್ಜ್ ಆಗಿ ಸುಮ್ನೆ ಬಿದ್ದಿದ್ದು. ಹಾಗಾಗಿ ಹಿಂದಿನ ರಾತ್ರಿ ಚಾರ್ಜ್ ಮಾಡುವುದನ್ನೇ ಬಿಟ್ಟೆ. ಬೆಳಗಿನ ಜಾವ ಐದಕ್ಕೆ ಹಾಕುತ್ತೇನೆ, 1.5 ಆಂಪ್‌ನಲ್ಲಿ, ಪಕ್ಕದಲ್ಲೇ ಕೂತು. ಸೆಲ್ 4.20 ವೋಲ್ಟ್ (ಅಂದ್ರೆ ಫುಲ್) ಮುಟ್ಟಲು ಬಿಡಲ್ಲ, 4.12ಕ್ಕೇ ನಿಲ್ಲಿಸುತ್ತೇನೆ. "ಹಾಗಾದ್ರೆ ಟೇಕಾಫ್ ಮಾಡಿ ಇಳಿಸೋದಷ್ಟೇ" ಅಂತ ನಕ್ಕವರಿದ್ದಾರೆ. ಎಂಟು ನಿಮಿಷದಲ್ಲಿ ನನಗೆ ಹೋಗಿದ್ದು ಅರ್ಧ ನಿಮಿಷ, ಮುಕ್ಕಾಲು ನಿಮಿಷ.

ಗಾಳಿ ಜಾಸ್ತಿಯಾಗಿ ಹಾರಿಸದೆ ವಾಪಸ್ ತಂದ ಪ್ಯಾಕ್ ಇದೆಯಲ್ಲ, ಅದೇ ತಲೆನೋವು. ಚಾರ್ಜ್ ಇಳಿಸಿಯೇ ಎತ್ತಿಡಬೇಕು. ಅಗ್ಗದ ಚಾರ್ಜರ್ 5 ವ್ಯಾಟ್‌ನಲ್ಲಿ ಡಿಸ್ಚಾರ್ಜ್ ಮಾಡುತ್ತಾ ಮೂರು ಗಂಟೆ ತಿನ್ನುತ್ತದೆ. ಕಾರಿನ 21 ವ್ಯಾಟ್ ಇಂಡಿಕೇಟರ್ ಬಲ್ಬ್‌ಗೆ ಪ್ಯಾಕ್ ಸಿಕ್ಕಿಸುವ ಎಕ್ಸ್‌ಟಿ60 ಕನೆಕ್ಟರ್ ಬೆಸುಗೆ ಹಾಕಿದೆ. ಒಂದೊಂದು ಸೆಲ್‌ನ ವೋಲ್ಟೇಜ್ ಸಿಗುವ ಬ್ಯಾಲೆನ್ಸ್ ಪಿನ್‌ಗೆ ಲೋ ವೋಲ್ಟೇಜ್ ಬಜರ್ ಸಿಕ್ಕಿಸಿ 3.8ಕ್ಕೆ ಸೆಟ್ ಮಾಡಿದರೆ ನಲವತ್ತು ನಿಮಿಷದಲ್ಲಿ ಕಿರುಚುತ್ತದೆ. ಬಲ್ಬ್ ಕಿತ್ತ ಮೇಲೆ ಸೆಲ್ 3.82ಕ್ಕೆ ಬಂದು ನಿಲ್ಲುತ್ತದೆ. ಸ್ಟೋರೇಜ್‌ಗೆ ಅಷ್ಟು ಸಾಕು. ಖರ್ಚು ನೂರು ರೂಪಾಯಿ ಒಳಗೆ.

ಜನ ಜಾಸ್ತಿ ನಕ್ಕಿದ್ದು ನನ್ನ ಮಣ್ಣಿನ ಹೂಕುಂಡ ನೋಡಿ. ಬೆಂಕಿ ಹೊತ್ತಿದರೆ ಒಳಗೇ ಇರಲಿ ಅಂತ ಚಾರ್ಜ್ ಮಾಡುವುದು ಅದರಲ್ಲೇ. ತಳದಲ್ಲಿ ಒಣ ಮರಳು, ಮೇಲೆ ಪ್ಯಾಕ್, ಬಾಯಿಗೆ ಮಣ್ಣಿನ ತಟ್ಟೆ. ತಟ್ಟೆ ಸಡಿಲವಾಗಿರಬೇಕು, ಹೊಗೆಗೆ ದಾರಿ ಇರದಿದ್ದರೆ ಅದೇ ಬಾಂಬ್. ಅದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ 400 ರೂಪಾಯಿ ಕೊಟ್ಟು ಫೈರ್‌ಪ್ರೂಫ್ ಬ್ಯಾಗ್ ತರಿಸಿದ್ದೆ. ಊರಾಚೆ ಬಯಲಲ್ಲಿ ಎರಡನ್ನೂ ಪರೀಕ್ಷಿಸಿದೆ. ಊದಿದ ಹಳೆ ಪ್ಯಾಕ್‌ಗಳಿಗೆ ಹೇಗೆ ಬೆಂಕಿ ಹಿಡಿಸಿದೆ ಅಂತ ಬರೆಯಲ್ಲ, ಯಾರಾದ್ರೂ ಮನೇಲಿ ಮಾಡಿಬಿಡ್ತಾರೆ. ಬ್ಯಾಗ್‌ನ ಜಿಪ್ ಹತ್ತಿರದ ಹೊಲಿಗೆ ಮೊದಲು ಕಪ್ಪಾಯಿತು, ಆಮೇಲೆ ಅಲ್ಲಿಂದಲೇ ಒಂದು ಮೊಳ ಉರಿ ನುಗ್ಗಿತು. ಕುಂಡ ನೆತ್ತಿಯಿಂದ ತಳದವರೆಗೆ ಸೀಳಿತು, ಆದರೆ ಉರಿ ಒಳಗೇ ಉಳಿಯಿತು. ಆ ಹೊಗೆ ವಿಷ, ಗಾಳಿ ಬರುವ ಕಡೆ ನಿಂತು ದೂರದಿಂದಲೇ ನೋಡಿದೆವು.

ಕುಂಡವನ್ನು ಒದ್ದೆ ಮರಳಿನ ದೊಡ್ಡ ಕುಂಡದೊಳಗಿಟ್ಟು ತಂಪು ಮಾಡಿಯೂ ನೋಡಿದೆ. ಐದಾರು ಡಿಗ್ರಿ ಇಳಿಯಿತು. ಆದರೆ ಬ್ಯಾಲೆನ್ಸ್ ಪಿನ್‌ಗಳ ಮೇಲೆ ಪಸೆ ಕಂಡಿತು, ಅಲ್ಲಿಗೇ ಕೈಬಿಟ್ಟೆ.

ಒಂದೇ ಚಾರ್ಜರ್‌ಗೆ ಹಲವು ಪ್ಯಾಕ್ ಒಟ್ಟಿಗೆ ಸಿಕ್ಕಿಸುವ ಪ್ಯಾರಲಲ್ ಬೋರ್ಡ್ ನನಗೆ ಒಗ್ಗಲ್ಲ. ಎರಡು ಚಾರ್ಜರ್, ಎರಡು ಕುಂಡ, ಏಳರ ಹೊತ್ತಿಗೆ ನಾಲ್ಕು ಪ್ಯಾಕ್ ರೆಡಿ. ಯಾವುದನ್ನು ಮೊದಲು ಹಾರಿಸಬೇಕು ಅನ್ನುವುದಕ್ಕೆ ಐಆರ್ ನೋಡಿ ಹಾಕುವ ಲೆಕ್ಕ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈಗ ವೂಪ್ ಅನ್ನುವ ಅಂಗೈಯಗಲದ ಡ್ರೋನ್‌ನ ಪುಟಾಣಿ ಹೈ-ವೋಲ್ಟೇಜ್ ಸೆಲ್‌ಗಳನ್ನು 4.35ಕ್ಕೆ ಬಿಡದೆ 4.25ಕ್ಕೇ ನಿಲ್ಲಿಸುತ್ತಿದ್ದೇನೆ. ಒಂದು ಬೇಸಿಗೆ ದಾಟಲಿ, ಬರೆಯುತ್ತೇನೆ.