ಯುದ್ಧ ಸ್ಮಶಾನದಲ್ಲಿ ನಿಮ್ಮ ಮನೆಯವರನ್ನು ಹುಡುಕಿ ಹೋಗುವಾಗ

ಯುದ್ಧದಲ್ಲಿ ಮಡಿದ ಅಜ್ಜನನ್ನೋ ಮುತ್ತಜ್ಜನನ್ನೋ ನೆನೆಯಲು ಹೊರಡುವವರು ಪ್ರಯಾಣದ ಟಿಕೆಟ್ ಕಾಯ್ದಿರಿಸುವುದಕ್ಕೂ ಮೊದಲು, ಅವರಿಗೆ ಸಮಾಧಿ ಇದೆಯೇ ಅಥವಾ ಎಲ್ಲೋ ಒಂದು ಗೋಡೆಯ ಮೇಲೆ ಹೆಸರು ಮಾತ್ರ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎರಡು ಮಹಾಯುದ್ಧಗಳಲ್ಲಿ ಲಕ್ಷಾಂತರ ಸೈನಿಕರ ದೇಹಗಳು ಸಿಗಲೇ ಇಲ್ಲ, ಸಿಕ್ಕವುಗಳಲ್ಲಿ ಎಷ್ಟೋ ಗುರುತು ಹತ್ತಲಿಲ್ಲ. ಅಂಥವರ ಹೆಸರುಗಳು ಸ್ಮಾರಕಗಳಲ್ಲಿವೆ: ಬೆಲ್ಜಿಯಂನ ಮೆನಿನ್ ಗೇಟ್‌ನಲ್ಲಿ 54,000ಕ್ಕೂ ಹೆಚ್ಚು, ಫ್ರಾನ್ಸಿನ ಟೀಪ್‌ವಾಲ್ ಸ್ಮಾರಕದಲ್ಲಿ 72,000ಕ್ಕೂ ಹೆಚ್ಚು, ಅಲ್ಲಿಯೇ ನವ್ ಶಪೆಲ್‌ನ ಭಾರತೀಯ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು. ಶವಸಂಸ್ಕಾರವಾಗಿ ದಹನಗೊಂಡ ಸೈನಿಕರನ್ನೂ ಹೀಗೆ ಸ್ಮಾರಕಗಳಲ್ಲಿಯೇ ಹುಡುಕಬೇಕಾಗುತ್ತದೆ.

ಬ್ರಿಟಿಷ್ ಭಾರತವೂ ಸೇರಿದಂತೆ ಕಾಮನ್‌ವೆಲ್ತ್ ಸೈನ್ಯಗಳಲ್ಲಿ ಮಡಿದವರ ದಾಖಲೆಯನ್ನು 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು ಕಾಪಾಡಿಕೊಂಡು ಬಂದಿದ್ದು, ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಜರ್ಮನ್ ಸೈನಿಕರಿಗೆ ಫೋಲ್ಕ್ಸ್‌ಬುಂಡ್ ಎಂಬ ಸಂಸ್ಥೆಯೂ ವಿದೇಶದಲ್ಲಿ ಮಲಗಿರುವ ಅಮೆರಿಕದ ಸೈನಿಕರಿಗೆ ಅಲ್ಲಿನ ಯುದ್ಧ ಸ್ಮಾರಕಗಳ ಆಯೋಗವೂ ಇವೆ. ಹುಡುಕುವಾಗ ಹೆಸರೊಂದನ್ನೇ ನಂಬಬೇಡಿ. ಸೈನ್ಯದ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳ ಕಾಗುಣಿತ ನಿಮ್ಮ ಮನೆಯಲ್ಲಿ ಬಳಸುವುದಕ್ಕಿಂತ ತೀರ ಬೇರೆಯಾಗಿರಬಹುದು. ಹಳೆಯ ಪತ್ರದಲ್ಲಿ ಅಥವಾ ಪದಕದ ಅಂಚಿನಲ್ಲಿ ಸೇವಾ ಸಂಖ್ಯೆ ಸಿಕ್ಕರೆ ಅದಕ್ಕಿಂತ ಗಟ್ಟಿಯಾದ ಸುಳಿವು ಇನ್ನೊಂದಿಲ್ಲ. ದಾಖಲೆ ಸಿಕ್ಕ ಬಳಿಕ ಸ್ಮಶಾನದ ಹೆಸರಿನ ಜೊತೆಗೆ ವಿಭಾಗ, ಸಾಲು ಮತ್ತು ಸಮಾಧಿಯ ಸಂಖ್ಯೆಯನ್ನು, ಸ್ಮಾರಕವಾದರೆ ಫಲಕದ ಸಂಖ್ಯೆಯನ್ನು, ಕಾಗದದ ಮೇಲೆ ಬರೆದುಕೊಳ್ಳಿ. ಸಾವಿರಾರು ಕಲ್ಲುಗಳು ಒಂದೇ ರೂಪದಲ್ಲಿ ನಿಂತಿರುವ ಕಡೆ ಈ ಚೀಟಿಯಿಲ್ಲದೆ ಹೋದರೆ ದಿನವೆಲ್ಲ ಅಲೆದಾಟದಲ್ಲಿಯೇ ಕಳೆದುಹೋಗುತ್ತದೆ.

ಕಾಮನ್‌ವೆಲ್ತ್ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ಪ್ರವೇಶದ್ವಾರದ ಬಳಿ ಗೋಡೆಯಲ್ಲಿ ಒಂದು ಪುಟ್ಟ ಲೋಹದ ಬಾಗಿಲಿನ ಗೂಡು ಇರುತ್ತದೆ. ಸಮಾಧಿಗಳ ನೋಂದಣಿ ಪುಸ್ತಕವನ್ನೂ ಸಂದರ್ಶಕರ ಪುಸ್ತಕವನ್ನೂ ಅದರೊಳಗೆ ಇಟ್ಟಿರುತ್ತಾರೆ. ಕಲ್ಲಿನ ಮುಂದೆ ನಿಂತಾಗ ಅವಸರ ಮಾಡದೆ ಮೇಲಿನಿಂದ ಕೆಳಕ್ಕೆ ಓದಿ. ರೆಜಿಮೆಂಟಿನ ಲಾಂಛನ, ಸೇವಾ ಸಂಖ್ಯೆ, ದರ್ಜೆ, ಹೆಸರು, ಮಡಿದ ದಿನ ಮತ್ತು ತಿಳಿದಿದ್ದರೆ ವಯಸ್ಸು ಅಲ್ಲಿರುತ್ತವೆ. ಕೆಲವು ಕಲ್ಲುಗಳ ತಳದಲ್ಲಿ ಮನೆಯವರು ಬರೆಸಿದ ಒಂದೆರಡು ಸಾಲುಗಳಿರುತ್ತವೆ. ಮೊದಲ ಮಹಾಯುದ್ಧದ ನಂತರ ಇದಕ್ಕೆ ಕೊಟ್ಟಿದ್ದ ಮಿತಿ 66 ಅಕ್ಷರಗಳು. ಅಷ್ಟರಲ್ಲಿ ಒಬ್ಬ ತಾಯಿ ತನ್ನ ಮಗನ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಬೇಕಿತ್ತು. ನಿಮ್ಮವರ ಕಲ್ಲಿನಲ್ಲಿ ಆ ಸಾಲು ಇಲ್ಲದಿದ್ದರೆ ಮನೆಯವರು ಮರೆತಿದ್ದರೆಂದು ನೊಂದುಕೊಳ್ಳಬೇಡಿ. ಆಯೋಗದ ಪತ್ರ ಎಷ್ಟೋ ಮನೆಗಳನ್ನು ತಲುಪಲೇ ಇಲ್ಲ, ನ್ಯೂಜಿಲೆಂಡಿನಂಥ ದೇಶ ಮೊದಲ ಯುದ್ಧದ ಕಲ್ಲುಗಳಿಗೆ ಅಂಥ ಬರಹವನ್ನೇ ಒಪ್ಪಲಿಲ್ಲ.

ಹೂವು ಇಡುವುದಾದರೆ ಕಲ್ಲಿನ ಬುಡದಲ್ಲಿರುವ ಗಿಡಗಳನ್ನು ತುಳಿಯದಂತೆ ಇಡಿ. ಕಲ್ಲಿಗೆ ಬಣ್ಣ, ಸೀಮೆಸುಣ್ಣ, ಎಣ್ಣೆ ಏನನ್ನೂ ಹಚ್ಚಬಾರದು. ಸವೆದ ಅಕ್ಷರಗಳು ಫೋಟೋದಲ್ಲಿ ಮೂಡದಿದ್ದರೆ ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುವ ಹೊತ್ತಿಗೆ ಕಾಯಿರಿ, ಅಥವಾ ಸಣ್ಣ ಕನ್ನಡಿಯಿಂದ ಬೆಳಕನ್ನು ಅಡ್ಡಲಾಗಿ ಹಾಯಿಸಿ. ಸಂದರ್ಶಕರ ಪುಸ್ತಕದಲ್ಲಿ ನಿಮ್ಮ ಹೆಸರಿನೊಂದಿಗೆ ಮಡಿದವರ ಹೆಸರನ್ನೂ ಅವರು ನಿಮಗೆ ಏನಾಗಬೇಕು ಎಂಬುದನ್ನೂ ಬರೆಯಿರಿ.

ಹೊರಡುವ ಮುನ್ನ ಅಕ್ಕಪಕ್ಕದ ಕಲ್ಲುಗಳನ್ನೂ ಓದಿ. ಅದೇ ರೆಜಿಮೆಂಟ್, ಅದೇ ದಿನಾಂಕ ಇದ್ದರೆ ಆ ಹೆಸರುಗಳನ್ನು ಬರೆದುಕೊಳ್ಳಿ. ಆ ಮನೆಗಳಲ್ಲಿ ಉಳಿದಿರುವ ಯಾವುದೋ ಪತ್ರದಲ್ಲಿ, ಯಾವುದೋ ಗುಂಪು ಫೋಟೋದಲ್ಲಿ ನಿಮ್ಮವರೂ ಇರಬಹುದು.