ಆ ಹುಡುಗನಿಗೆ ನಾನು ಕಾಯ್ತಾನೇ ಇರ್ಲಿಲ್ಲ

ನಾಲ್ಕನೇ ಕ್ಲಾಸು ನನ್ನ ಕೈಗೆ ಬಂದಾಗ ಹಿಂದಿನ ವರ್ಷ ಪಾಠ ಮಾಡಿದ್ದೋರು ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟು "ಇವನ ಬಗ್ಗೆ ತಲೆ ಕೆಡಿಸ್ಕೋಬೇಡಿ ಮಿಸ್, ಹತ್ತಲ್ಲ" ಅಂದಿದ್ರು. ಅವನ ಅಪ್ಪನೂ ಅವನೆದುರೇ "ಕುರಿ ಕಾಯೋಕೆ ಸರಿ ಇವ್ನು" ಅಂದ್ರು. ಇಂಥ ಮಾತೆಲ್ಲ ನಾನು ನಂಬಲ್ಲ ಅಂದ್ಕೊಂಡಿದ್ದೆ, ನಂಬಿಬಿಟ್ಟಿದ್ದೆ.

ಗೊತ್ತಾಗಿದ್ದು ಹೇಗೆ ಅಂದ್ರೆ, ಒಂದಿನ ಮೊಬೈಲ್ ಮೇಜಿನ ಮೇಲಿಟ್ಟು ಗಣಿತದ ಪೀರಿಯಡ್ ರೆಕಾರ್ಡ್ ಮಾಡ್ಕೊಂಡೆ, ರಾತ್ರಿ ಕೇಳಿದ್ರೆ, ಚೆನ್ನಾಗಿ ಓದೋ ಹುಡುಗಿ ತಡವರಿಸಿದಾಗ "ಹೇಳು ಪುಟ್ಟ, ಬಿಡಿ ಸ್ಥಾನದಲ್ಲಿ ಏನಿದೆ ನೋಡು" ಅಂತ ಎರಡೆರಡು ಸಲ ಸುಳಿವು ಕೊಡ್ತಿದೀನಿ, ಇವನನ್ನ ಕೇಳಿ ಅವನು ಬಾಯಿ ತೆಗೆಯೋದ್ರೊಳಗೆ "ಸರಿ ಕೂತ್ಕೋ, ಬೇರೆ ಯಾರ್ ಹೇಳ್ತೀರಾ" ಅಂತಿದೀನಿ. ಬೈದಿಲ್ಲ, ಹೊಡೆದಿಲ್ಲ. ಆದ್ರೂ ಆ "ಕೂತ್ಕೋ" ಇವತ್ತಿಗೂ ಚುಚ್ಚುತ್ತೆ.

ಡಿ.ಎಡ್ ಮಾಡುವಾಗ ಟೀಚರ್ ನಿರೀಕ್ಷೆ ಮಕ್ಕಳ ಕಲಿಕೆ ಮೇಲೆ ಏನು ಮಾಡುತ್ತೆ ಅಂತ ಅಮೆರಿಕದ ರೋಸೆಂತಾಲ್, ಜೇಕಬ್‌ಸನ್ ಅವರು 1968ರಲ್ಲಿ ಪ್ರಕಟಿಸಿದ ಅಧ್ಯಯನ ಪರೀಕ್ಷೆಗೋಸ್ಕರ ಓದಿದ್ದೆ. ಚೀಟಿ ಎತ್ತಿದ ಹಾಗೆ ಒಂದಷ್ಟು ಮಕ್ಕಳನ್ನ ಆರಿಸಿ ಟೀಚರ್‌ಗಳಿಗೆ "ಇವರು ಈ ವರ್ಷ ಮುಂದೆ ಬರ್ತಾರೆ" ಅಂದಿದ್ರು, 1 ಮತ್ತು 2ನೇ ಕ್ಲಾಸಲ್ಲಿ ಅಂಥ ಮಕ್ಕಳು ನಿಜಕ್ಕೂ ಜಾಸ್ತಿ ಮುಂದೆ ಬಂದ್ರು. ಅದರ ಲೆಕ್ಕಾಚಾರದ ಮೇಲೆ ಆಮೇಲೆ ಬೇಕಾದಷ್ಟು ತಕರಾರು ಎದ್ದಿದೆ. ನನಗೆ ಉಪಯೋಗಕ್ಕೆ ಬಂದಿದ್ದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಕೆಲಸ. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸಾಮಾನ್ಯವಾಗಿ 1 ಸೆಕೆಂಡ್ ಅಷ್ಟೇ ಕಾಯ್ತಾರೆ, 3 ಸೆಕೆಂಡ್ ಕಾದ್ರೆ ಸುಮ್ನೆ ಕೂರೋ ಮಕ್ಕಳೂ ಬಾಯ್ಬಿಡ್ತಾರೆ ಅಂತ ಅವರು ತೋರಿಸಿದ್ರು.

ಸೆರಗಿನೊಳಗೆ ಬೆರಳು ಮಡಚಿ ಎಣಿಸೋಕೆ ಶುರು ಮಾಡಿದೆ. ಮೊದಲ ವಾರ ಅವನು ನೆಲ ನೋಡ್ತಾ ನಿಂತ, ಉಳಿದ ಮಕ್ಕಳು "ಮಿಸ್ ನಾನು, ಮಿಸ್ ನಾನು" ಅಂತ ಕೈ ಎತ್ತೋರು, "ಈಗ ಅವನ ಸರದಿ" ಅಂತಿದ್ದೆ. ಎರಡನೇ ವಾರ 42ರಲ್ಲಿ 17 ಕಳಿ ಅಂದಾಗ ಬೋರ್ಡ್ ಕಡೆ ನೋಡ್ಲೇ ಇಲ್ಲ, "17ಕ್ಕೆ 3 ಹಾಕಿದ್ರೆ 20, ಆಮೇಲೆ 22 ಹಾಕಿದ್ರೆ 42... 25 ಮಿಸ್" ಅಂದ. ಎಲ್ಲಿ ಕಲಿತೆ ಅಂದ್ರೆ "ಅಜ್ಜಿ ಅಂಗಡೀಲಿ ಚಿಲ್ಲರೆ ಹಿಂಗೇ ಕೊಡೋದು". ವರ್ಷಪೂರ್ತಿ ಅಂಗಡಿ ಲೆಕ್ಕ ಮಾಡೋ ಹುಡುಗ ನಮ್ಮ ಕಣ್ಣಿಗೆ ದಡ್ಡ ಆಗಿದ್ದ, ಹತ್ತರಿಂದ ಕಡ ತಗೊಂಡು ಬರೆಯೋಕೆ ಬರಲ್ಲ ಅನ್ನೋದೊಂದೇ ಕಾರಣಕ್ಕೆ. ಆಮೇಲೆ ನೋಟು ಚಿಲ್ಲರೆ ಇಟ್ಕೊಂಡೇ ಅವನಿಗೆ ಅದನ್ನೂ ತೋರಿಸಿದೆ, ನಿಧಾನಕ್ಕೆ ಬಂತು.

ಅವನೆದುರು ಆ ಕುರಿ ಕಾಯೋ ಮಾತು ಬೇಡ ಅಂತ ಅಪ್ಪನಿಗೂ ಹೇಳಿದೀನಿ, ಈಗ್ಲೂ ಒಂದೊಂದ್ಸಲ ಅಂತಾರೆ.

ಐದನೇ ಕ್ಲಾಸಿನ ಮೇಷ್ಟ್ರಿಗೆ ಒಪ್ಪಿಸುವಾಗ ಅವನ ಬಗ್ಗೆ ಹೇಳಿದ್ದು ಇಷ್ಟೇ: ಬಾಯಿ ಲೆಕ್ಕ ಚುರುಕು, ಬರೆಯುವಾಗ ತಡ ಆಗುತ್ತೆ, ಕೇಳಿದ ಮೇಲೆ ಸ್ವಲ್ಪ ಕಾಯಿರಿ ಸಾರ್.